ಅಂಗೈ ಮುಂದೆ ಮಾಡಿ ನಿಲ್ಲುವುದು

ಎರಡೂ ಕೈ ಇಳಿಬಿಟ್ಟು, ಅಂಗೈಗಳನ್ನು ಮುಂದಕ್ಕೆ ತಿರುಗಿಸಿ ನಿಂತವರನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ಉಡುಪಿಯ ಬಸ್ ನಿಲ್ದಾಣದಲ್ಲಿ ನಾನು ಹುಡುಕಿ ಸೋತಿದ್ದೇನೆ. ಒಬ್ಬರ ಕೈ ಮೊಬೈಲಿಗೆ ಅಂಟಿದ್ದರೆ ಇನ್ನೊಬ್ಬರದು ಸೊಂಟದ ಮೇಲೆ. ಆದರೂ ಅಂಗರಚನಾಶಾಸ್ತ್ರದ ಪ್ರಕಾರ ಮನುಷ್ಯರೆಲ್ಲರೂ, ಮಲಗಿದ ಶವವೂ ಸೇರಿದಂತೆ, ಹಾಗೆಯೇ ನಿಂತಿದ್ದಾರೆ. ದೇಹದ ಮೇಲು-ಕೆಳಗು, ಹಿಂದು-ಮುಂದುಗಳೆಲ್ಲ ನಿರ್ಧಾರವಾಗುವುದು ಆ ಭಂಗಿಯಿಂದಲೇ. ಮಣಿಪಾಲದ ಕಾಲೇಜೊಂದರಲ್ಲಿ ಪ್ರತಿವರ್ಷದ ಮೊದಲ ತರಗತಿಗೆ ಅದನ್ನು ಅಭಿನಯಿಸಿ ತೋರಿಸುವ ಪಾತ್ರ ನನ್ನದು. ಭಿಕ್ಷೆಗೆ ನಿಂತಂತಿರುವ ಮೇಷ್ಟ್ರನ್ನು ಕಂಡು ಮಕ್ಕಳು ನಗುತ್ತಾರೆ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂಬಂತೆ ನಾನೂ ಪಾಠ ಮುಗಿದ ಕೂಡಲೇ ಕೈಗಳನ್ನು ಜೇಬಿಗೆ ಇಳಿಸುತ್ತೇನೆ.

ಕಾಪುವಿನಲ್ಲಿದ್ದ ನನ್ನ ಅಕ್ಕನಿಗೆ ಮಾತ್ರ ಈ ಭಂಗಿ ಸಾಧ್ಯವೇ ಇರಲಿಲ್ಲ. ತಲೆಯ ಮೇಲೆ ಮೀನಿನ ಬುಟ್ಟಿ, ಅದನ್ನು ಹಿಡಿದ ಬಲಗೈ. ಹಾಗೆ ಶಿರ್ವದ ಮನೆಮನೆ ಸುತ್ತಿ ನನ್ನನ್ನು ಓದಿಸಿದವಳು ಅವಳು. ಕೊನೆಗೆ ಬುಟ್ಟಿ ಇಳಿದರೂ ಕೈ ಇಳಿಯಲಿಲ್ಲ. ಭುಜ ಬಿಗಿದು, ಮೊಣಕೈ ಮಡಚಿಕೊಂಡೇ ಉಳಿಯಿತು. ಆ ಕೀಲು, ಸ್ನಾಯುಗಳ ಹೆಸರುಗಳೆಲ್ಲ ನನಗೆ ಬಾಯಿಪಾಠ. ಅವಳ ನೋವಿಗೆ ಅವುಗಳಲ್ಲಿ ಒಂದೂ ಒದಗಲಿಲ್ಲ.

ಹೃದಯ ಸೋಲುತ್ತಿದೆಯೆಂದು ವೈದ್ಯರು ಹೇಳಿದ ಮೇಲೆ ಅವಳು ತನ್ನ ದೇಹವನ್ನು ನಮ್ಮ ಕಾಲೇಜಿಗೇ ಕೊಡುವೆನೆಂದಳು. ಸುಡದೆ ಬೊಜ್ಜದ ಉತ್ತರಕ್ರಿಯೆ ಮಾಡುವುದು ಹೇಗೆಂದು ಅವಳ ಮಗ ಅತ್ತ. ಜೀವಕೋಶಗಳು ಸೇರಿ ಅಂಗಾಂಶ, ಅಂಗಾಂಶಗಳು ಸೇರಿ ಅಂಗ, ಅಂಗಗಳು ಸೇರಿ ದೇಹ ಎನ್ನುವ ಶಾಸ್ತ್ರ ಅಲ್ಲಿಗೇ ನಿಲ್ಲುತ್ತದೆ. ಮಗನ ಅಳುವಿಗೆ ಅದರಲ್ಲಿ ಜಾಗವಿಲ್ಲ. ಅಕ್ಕ ಹಟ ಬಿಡಲಿಲ್ಲ. ಮೊದಲ ಪಾಠದಲ್ಲಿ ಎಂತ ಮಾಡುತ್ತಾರೆಂದು ನನ್ನನ್ನು ಕೇಳಿ, ಭಂಗಿಯ ವಿವರಣೆಯನ್ನು ಗಮನವಿಟ್ಟು ಆಲಿಸಿದಳು.

"ಈ ಕೈ ನೆಟ್ಟಗಾಗಲಿಕ್ಕಿಲ್ಲ ಮಾರಾಯ. ಎಳೆಯುವುದು ಬೇಡ ಅಂತ ಹೇಳು. ನೀನು ಅಲ್ಲಿ ಇರ್ತಿ ಅಲ್ವಾ?"

ಇರುತ್ತೇನೆ ಎಂದೆ.

ಮರುವರ್ಷದ ಮೊದಲ ತರಗತಿಯಲ್ಲಿ ಅವಳು ಮೇಜಿನ ಮೇಲಿದ್ದಳು. ಈ ಸಲ ಪಾಠ ಬೇರೆಯವರು ಮಾಡಲಿ ಎಂದು ಸಹೋದ್ಯೋಗಿಗಳು ಕಳಕಳಿಯಿಂದ ಹೇಳಿದರೂ, ಕೊಟ್ಟ ಮಾತು ನೆನೆದು ನಾನೇ ಹೋದೆ. ಎಂದಿನಂತೆ ಅಂಗೈ ಮುಂದೆ ಮಾಡಿ ನಿಂತೆ. ಅಷ್ಟರಲ್ಲಿ ವಿದ್ಯಾರ್ಥಿನಿಯೊಬ್ಬಳು, ಪುಸ್ತಕದ ಚಿತ್ರಕ್ಕೆ ಸರಿಹೊಂದಿಸಲೆಂದು, ಅಕ್ಕನ ಬಲಗೈಯನ್ನು ಕೆಳಕ್ಕೆ ಎಳೆಯಹೋದಳು.

"ಬಿಡಮ್ಮ, ಅದು ಇಳಿಯುವುದಿಲ್ಲ," ಎಂದೆ.

ಯಾಕೆ ಸರ್ ಎಂದಳು. ನಾನು ನನ್ನ ಬಲಗೈಯನ್ನು ತಲೆಯ ಮೇಲಕ್ಕೆತ್ತಿ, ಅಲ್ಲಿಲ್ಲದ ಬುಟ್ಟಿಯ ಅಂಚನ್ನು ಹಿಡಿದು ನಿಂತೆ. ಇವರು ನಿಲ್ಲುತ್ತಿದ್ದದ್ದು ಹೀಗೆ ಎಂದೆ. ಆ ವರ್ಷ ಯಾರೂ ನಗಲಿಲ್ಲ.