ಮೊದಲ ಗಾಳಿ

ನನ್ನ ಗಂಡ ಗಾಸ್ಪರೆ ನ್ಯೂಯಾರ್ಕಿನಲ್ಲಿ ಹಡ್ಸನ್ ನದಿಯ ಸರಕು ಇಳಿಸುವ ಧಕ್ಕೆಯ ಮೇಲೆ ರೈಲು ಡಬ್ಬಿಗಳ ಬಾಗಿಲು ತೆರೆಯುತ್ತಿದ್ದ. ಕ್ಯಾಲಿಫೋರ್ನಿಯಾದ ಹಣ್ಣು ತರಕಾರಿ ಮಂಜುಗಡ್ಡೆ ತುಂಬಿದ ಡಬ್ಬಿಗಳಲ್ಲಿ ಆಚೆ ದಡದವರೆಗೆ ಬಂದು, ಅಲ್ಲಿಂದ ಡಬ್ಬಿ ಸಮೇತ ದೋಣಿಯ ಮೇಲೆ ನದಿ ದಾಟುತ್ತಿತ್ತು. ಬಾಗಿಲು ಸರಿದಾಗ ಮೊದಲ ಗಾಳಿ ಅವನದು. ಮೇಸ್ತ್ರಿ, ವ್ಯಾಪಾರಿಗಳು ಎಲ್ಲರೂ ಎರಡು ಹೆಜ್ಜೆ ಹಿಂದೆ ನಿಲ್ಲಬೇಕು. ಅವನು ತಲೆ ಒಳಗೆ ಹಾಕಿ, ಮೂಸಿ, "ಮೂರನೇ ಸಾಲು, ಕೆಳಗೆ" ಅಂದರೆ ಅಲ್ಲಿ ಕೊಳೆತ ಪೆಟ್ಟಿಗೆ ಇದ್ದೇ ಇರುತ್ತಿತ್ತು.

೧೯೩೬ರ ಫೆಬ್ರವರಿಯಲ್ಲಿ ಅವನಿಗೆ ಒಂಬತ್ತು ದಿನ ಜ್ವರ. ಹತ್ತನೇ ದಿನ ನಾನು ಬಟ್ಟೆ ಒಣಹಾಕಲು ಹೋದಾಗ ಒಲೆಯ ಮೇಲಿನ ಕಾಳು ಸೀದುಹೋಯಿತು. ಮೇಲಿನ ಮನೆಯ ಫಿಲೊಮೆನಾ ಕೂಗಿದಳು: "ಆಸುಂತಾ, ಗಂಡನ್ನೂ ಸೇರಿಸಿ ಸುಡ್ತಿದ್ದೀಯೇನೇ?"

ಓಡಿ ಬಂದೆ. ಗಾಸ್ಪರೆ ಒಲೆಯ ಪಕ್ಕದಲ್ಲೇ ಕೂತಿದ್ದ. ಅದೇ ಕಾಳು ಬಡಿಸಿಕೊಂಡು ತಿನ್ನುತ್ತಿದ್ದ.

"ಗೊತ್ತಾಗ್ಲಿಲ್ವಾ?"

"ಏನೂ ಗೊತ್ತಾಗ್ತಿಲ್ಲ. ಬೆಳಿಗ್ಗೆ ಕಾಫಿನೂ ಬಿಸಿನೀರಿನ ಹಾಗೇ ಇತ್ತು."

"ಮೇಸ್ತ್ರಿಗೆ ಹೇಳು."

"ಹೇಳಿದ್ರೆ ನಾಳೆ ಇನ್ನೊಬ್ಬನ ತಲೆ ಡಬ್ಬಿ ಒಳಗಿರತ್ತೆ."

ಹೇಳಲಿಲ್ಲ. ಕೊಳೆತದ್ದು ಬಿಸಿಯಾಗುತ್ತದೆ. ಮೂಸುವಂತೆ ಬಗ್ಗಿ, ಪೆಟ್ಟಿಗೆಗಳ ನಡುವೆ ಕೈ ತೂರಿಸಿ ನೋಡುತ್ತಿದ್ದ. ಐದು ವಾರ ಹಾಗೇ ನಡೆಯಿತು.

ಆಮೇಲೆ ಹೂಕೋಸಿನ ಡಬ್ಬಿ ಬಂತು. ದಾರಿಯಲ್ಲೆಲ್ಲೋ ಮಂಜುಗಡ್ಡೆ ಮುಗಿದಿತ್ತಂತೆ. ಬಾಗಿಲ ಕಡೆಯ ಸಾಲು ಮಾತ್ರ ಹೊರಗಿನ ಚಳಿಗೆ ತಣ್ಣಗಿತ್ತು. ಗಾಸ್ಪರೆ ಅದನ್ನಷ್ಟೇ ಮುಟ್ಟಿ, ತಿರುಗಿ, "ಚೆನ್ನಾಗಿದೆ" ಎಂದ. ಹಿಂದೆ ನಿಂತವರೆಲ್ಲ ಆಗಲೇ ಮೂಗಿಗೆ ಕರವಸ್ತ್ರ ಹಿಡಿದಿದ್ದರು.

"ಏನಯ್ಯಾ, ಮೂಗು ಮನೇಲಿ ಮರೆತು ಬಂದ್ಯಾ?" ಎಂದ ವ್ಯಾಪಾರಿ ಜೆಲ್ನಿಕ್.

"ಹೆಂಡತಿ ಕೈಲಿ ಕೊಟ್ಟು ಬಂದೆ," ಎಂದನಂತೆ ಗಾಸ್ಪರೆ. ಎಲ್ಲರೂ ನಕ್ಕರಂತೆ, ಮೇಸ್ತ್ರಿ ನಗಲಿಲ್ಲವಂತೆ.

ಮಾರನೆಯ ದಿನ ಅವನ ಕೈಗೆ ಪೊರಕೆ ಬಂತು. ಹನ್ನೊಂದು ವರ್ಷ ಅದೇ ಧಕ್ಕೆಯಲ್ಲಿ ಉದುರಿದ ತರಕಾರಿ ಎಲೆ ಗುಡಿಸಿದ. ಬಾಗಿಲು ಸರಿಯುವ ಸದ್ದು ಕೇಳಿದರೆ ತಾನೂ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದನೆಂದು ಜೆಲ್ನಿಕ್ ಅವನ ಮಣ್ಣಿಗೆ ಬಂದಾಗ ಹೇಳಿದ.

ಮನೆಯಲ್ಲಿ ಊಟಕ್ಕೆ ಕೂತಾಗ ಮಾತ್ರ ಕೇಳುತ್ತಿದ್ದ:

"ಹೇಗಿದೆ?"

ನಾನು ಬಗ್ಗಿ ಮೂಸಿ ಹೇಳುತ್ತಿದ್ದೆ, "ಚೆನ್ನಾಗಿದೆ." ತಳ ಹಿಡಿದ ದಿನವೂ ಅಷ್ಟೇ ಹೇಳಿದೆ. ತಿಂದು, ತಟ್ಟೆ ತೊಳೆದಿಟ್ಟ.