ಆಗಸ್ಟಿನ ಜೇನ್

ಲಾರ್ಡ್ ವೆಕ್ಸ್‌ಕೂಂಬ್ ಅವರ ಲಂಡನ್ ಮನೆಯಲ್ಲಿ ಕೆಲಸದವಳು ಬದಲಾದರೂ ಹೆಸರು ಬದಲಾಗುತ್ತಿರಲಿಲ್ಲ. ಮಹಡಿಗೆ ಬಿಸಿನೀರು ಹೊರುವವಳು ಯಾರೇ ಆಗಲಿ, ಅವಳು ಜೇನ್. ಬಂದಬಂದವರ ಹೆಸರು ಕಲಿಯಲು ದೊರೆಗಳಿಗೆ ಪುರುಸೊತ್ತೆಲ್ಲಿ? ಅವರು ಹದಿನಾಲ್ಕು ಕುದುರೆಗಳ ಹೆಸರು ನೆನಪಿಡಬೇಕಿತ್ತು. ಹೀಗಾಗಿ ಡಾರ್ಸೆಟ್ಟಿನ ಕಲ್ಲುಕುಟಿಗನ ಮಗಳು ಕೆಜಾಯಾ ಟ್ರಾಂಟರ್ ಅಕ್ಟೋಬರಿನಲ್ಲಿ ಹಿಂಬಾಗಿಲಿನಿಂದ ಒಳಗೆ ಬಂದು ಏಪ್ರನ್ ಕಟ್ಟಿಕೊಳ್ಳುವಷ್ಟರಲ್ಲಿ ಜೇನ್ ಆಗಿದ್ದಳು.

ಆ ಚಳಿಗಾಲದಲ್ಲೇ ದೊರೆ ಹೆಂಡತಿಯಿಂದ ವಿಚ್ಛೇದನ ಬೇಡಿ ಕೋರ್ಟಿಗೆ ಹೋದರು. ಅದಕ್ಕೂ ಹಿಂದಿನ ಆಗಸ್ಟಿನಲ್ಲಿ ಬ್ರೈಟನ್ನಿನ ಕಡಲತೀರದ ಮನೆಯಲ್ಲಿ, ಬೆಳಿಗ್ಗೆ ಬಿಸಿನೀರು ಒಯ್ದ ಜೇನ್‌ಗೆ ದೊರೆಸಾನಿಯ ಕೋಣೆಯೆದುರು ಕ್ಯಾಪ್ಟನ್ ಡ್ಯಾಲಿಮೋರ್ ಅವರ ಬೂಟು ಕಂಡಿತ್ತಂತೆ. ಎಂಥ ಕಳ್ಳಕೆಲಸಕ್ಕೆ ಹೋದರೂ ಬೂಟನ್ನು ಪಾಲಿಶ್‌ಗೆಂದು ಬಾಗಿಲ ಹೊರಗಿಡುವುದನ್ನು ಮರೆಯದಷ್ಟು ಸಂಸ್ಕಾರವಂತ ಆ ಕ್ಯಾಪ್ಟನ್. ದೊರೆಯ ಎದೆ ಒಡೆದುಹೋಯಿತು ಎಂದು ಪತ್ರಿಕೆಗಳು ಮರುಗಿದವು. ಅವರು ಪಕ್ಕದ ಬೀದಿಯಲ್ಲಿ ಸಾಕಿಕೊಂಡಿದ್ದ ನಟಿಯ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ.

ಸಾಕ್ಷಿ ಯಾರೆಂದು ವಕೀಲರು ಕೇಳಿದಾಗ ದೊರೆ ಜೇನ್ ಎಂದರು. ಆಗಸ್ಟಿನ ಜೇನ್ ಕೆಮ್ಮು ಹತ್ತಿ ಸೆಪ್ಟೆಂಬರಿನಲ್ಲೇ ಕೆಲಸ ಕಳೆದುಕೊಂಡಿದ್ದಳು. ಮನೆವಾರ್ತೆ ನೋಡುವ ಮಿಸೆಸ್ ಪ್ರೌಟ್‌ಗೆ ಅದು ಗೊತ್ತಿತ್ತು. ಆದರೆ ಜೇನ್‌ಗೂ ಜೇನ್‌ಗೂ ವ್ಯತ್ಯಾಸವಿದೆಯೆಂದು ದೊರೆಗೆ ತಿಳಿಸುವುದು ಅಧಿಕಪ್ರಸಂಗವಾಗುತ್ತಿತ್ತು. ಆಕೆ ಕೆಜಾಯಾಳನ್ನು ಕರೆಸಿದಳು.

"ನೀನು ನೋಡಿದ್ದು ಕಂದು ಬೂಟು. ನೆನಪಿಟ್ಕೋ."

"ಆಗಸ್ಟ್‌ನಲ್ಲಿ ನಾನು ನಮ್ಮೂರಲ್ಲಿದ್ದೆನಲ್ಲ, ಅಮ್ಮಾವ್ರೇ."

"ನೀನಿದ್ದೆ. ಜೇನ್ ಬ್ರೈಟನ್ನಲ್ಲೇ ಇದ್ಲು. ನೆಟ್ಟಗೆ ಹೇಳಿದ್ರೆ ಹೋಗುವಾಗ ಒಳ್ಳೇ ಗುಣಪತ್ರ ಬರ್ಕೊಡ್ತೀನಿ. ಇಲ್ಲಾಂದ್ರೆ ಇಲ್ಲ."

ಹಳೆಯ ಮನೆಯವರ ಗುಣಪತ್ರವಿಲ್ಲದ ಹುಡುಗಿಗೆ ಲಂಡನ್ನಿನ ಒಂದು ಮನೆಯೂ ಬಾಗಿಲು ತೆರೆಯುತ್ತಿರಲಿಲ್ಲ. ಕೆಜಾಯಾ ಒಲೆಯ ಬೂದಿ ತೆಗೆಯುತ್ತಲೇ ಕಂದು ಬೂಟನ್ನು ಬಾಯಿಪಾಠ ಮಾಡಿದಳು.

ಕೋರ್ಟಿನಲ್ಲಿ ಹೆಂಗಸರು ತಿಂಡಿ ಕಟ್ಟಿಕೊಂಡು, ನಾಟಕದ ದುರ್ಬೀನು ಹಿಡಿದು ಕಿಕ್ಕಿರಿದಿದ್ದರು. ಕೆಜಾಯಾಳ ಕೈಗೆ ಬೈಬಲ್ ಕೊಟ್ಟು ಹೆಸರು ಕೇಳಿದರು. ಕೆಜಾಯಾ ಟ್ರಾಂಟರ್ ಎಂದಳು. ಆ ಹೆಸರನ್ನು ಬಾಯಿಬಿಟ್ಟು ಹೇಳಿ ಐದು ತಿಂಗಳಾಗಿತ್ತು. ಹೇಳಿ ಸಂತೋಷವಾಯಿತು. ಅದಾದ ಮೇಲೆ ಬೂಟಿನ ಮಾತು ನಾಲಿಗೆಗೆ ಬರಲೇ ಇಲ್ಲ.

"ಬೂಟು ನೋಡಿದ್ದು ನಾನಲ್ಲ ಸ್ವಾಮಿ. ನನಗಿಂತ ಮುಂಚೆ ಇದ್ದ ಜೇನ್."

ಅವಳ ನಿಜವಾದ ಹೆಸರೇನೆಂದು ನ್ಯಾಯಾಧೀಶರು ಕೇಳಿದರು. ಕೆಜಾಯಾಗೆ ಗೊತ್ತಿರಲಿಲ್ಲ. ಮಿಸೆಸ್ ಪ್ರೌಟ್‌ಗೆ ಮರೆತುಹೋಗಿತ್ತು. ದೊರೆಯನ್ನು ಕೇಳಿದರೆ ಅವರು ಇದೆಂಥ ಪ್ರಶ್ನೆ ಎಂಬಂತೆ ನೋಡಿ, ಜೇನ್ ಎಂದರು. ಹೆಸರಿಲ್ಲದವಳನ್ನು ಎಲ್ಲಿ ಹುಡುಕುವುದು? ದಾವೆ ಬಿದ್ದುಹೋಯಿತು. ಈ ಮೊಕದ್ದಮೆಯಲ್ಲಿ ತಾವು ಕಂಡ ಒಬ್ಬಳೇ ಪ್ರಾಮಾಣಿಕ ವ್ಯಕ್ತಿ ಕೆಜಾಯಾ ಟ್ರಾಂಟರ್ ಎಂದು ನ್ಯಾಯಾಧೀಶರು ಹೇಳಿದರು. ದೊರೆ, ದೊರೆಸಾನಿ ಮತ್ತೆ ಗಂಡಹೆಂಡಿರಾಗಿ ಒಂದೇ ಸಾರೋಟಿನಲ್ಲಿ, ಒಬ್ಬೊಬ್ಬರು ಒಂದೊಂದು ಕಿಟಕಿಯತ್ತ ಮುಖ ಮಾಡಿಕೊಂಡು ಮನೆಗೆ ಹೋದರು.

ಆ ಸಂಜೆಯೇ ಕೆಜಾಯಾ ಬೀದಿಗೆ ಬಿದ್ದಳು. ಮಿಸೆಸ್ ಪ್ರೌಟ್ ಒಂದು ಸಾಲನ್ನೂ ಬರೆದುಕೊಡಲಿಲ್ಲ. ಮೂರು ವಾರ ಹತ್ತಾರು ಮನೆಗಳ ಹಿಂಬಾಗಿಲು ತಟ್ಟಿದಳು. ಎಲ್ಲರೂ ಗುಣಪತ್ರ ಕೇಳುವವರೇ. ಕೊನೆಗೆ ನದಿಯಾಚೆ, ಬಾಡಿಗೆಗೆ ಕೋಣೆ ಕೊಡುವ ಮಿಸೆಸ್ ಗಜನ್ ಎಂಬ ವಿಧವೆಯ ಮುಂದೆ, ನ್ಯಾಯಾಧೀಶರ ಮಾತು ಅಚ್ಚಾಗಿದ್ದ ಪತ್ರಿಕೆಯ ತುಂಡನ್ನೇ ಇಟ್ಟಳು.

ಮಿಸೆಸ್ ಗಜನ್ ಕನ್ನಡಕ ಏರಿಸಿ ಎರಡು ಸಲ ಓದಿದಳು. ಮುಖ ಅರಳಿತು. ನಾಳೆಯಿಂದಲೇ ಬಾ ಎಂದಳು. ಆಮೇಲೆ ನೆನಪು ಮಾಡಿಕೊಂಡು, "ನಮ್ಮಲ್ಲಿ ಕೆಲಸದವಳನ್ನ ಮೇರಿ ಅಂತ ಕರೀತೀವಿ" ಎಂದಳು.

ಕೆಜಾಯಾಳ ಹೊಟ್ಟೆಯಲ್ಲಿ ಎರಡು ದಿನದಿಂದ ಬರೀ ಚಹಾ. ಆದರೂ ಕೈ ಚಾಚಿದಳು.

"ಹಾಗಾದ್ರೆ ಆ ಕಾಗದ ಕೊಡಿ, ಅಮ್ಮಾವ್ರೇ. ಅದು ಮೇರಿದಲ್ಲ."

ಮಿಸೆಸ್ ಗಜನ್ ಅವಳನ್ನೂ ಕಾಗದವನ್ನೂ ನೋಡಿದಳು. ಮಹಡಿಯಲ್ಲಿ ಬಾಡಿಗೆಯವರೊಬ್ಬರು ನೀರಿಗಾಗಿ ಗಂಟೆ ಬಾರಿಸುತ್ತಿದ್ದರು.

"ಕೆಜಾಯಾ," ಎಂದಳು ಮುಖ ಗಂಟಿಕ್ಕಿ, "ಹಂಡೆ ಅಲ್ಲಿದೆ."