ಕಂಬದ ತುದಿ ಹಿಡಿದ ಕೈ

ಶಾರದಾ, ಆ ಕೊನೆಯ ಬಾವುಟ ಇಳಿಸಿದ್ದು ನಾನಲ್ಲ, ನೀನು. ನಿನ್ನ ಗೆಲುವನ್ನು ನಾನು ಕದ್ದೆ — ಬರೀ ಕದ್ದಿದ್ದರೆ ಇವತ್ತು ಇಷ್ಟು ಸುಡುತ್ತಿರಲಿಲ್ಲ. ನಿನ್ನ ಕೈಯನ್ನು ನೀನೇ ನಂಬದ ಹಾಗೆ ಮಾಡಿದೆ. ಅದನ್ನು ಹೇಳಲು ಕೂತಿದ್ದೇನೆ.

ನಾವಿಬ್ಬರೂ ಆಗ ಎಂಟನೇ ಕ್ಲಾಸು. ಅತ್ತೆ ನಿನ್ನನ್ನು ದಸರಾ ರಜೆಗೆಂದು ಕುಪ್ಪಗಡ್ಡೆಯಿಂದ ಶಿರಾಳಕೊಪ್ಪಕ್ಕೆ, ನಮ್ಮ ಮನೆಗೆ ಕಳಿಸಿದ್ದರು. ಅಪ್ಪ ಶಿವಮೊಗ್ಗದಿಂದ ತಂದಿದ್ದ ವಿಡಿಯೋ ಗೇಮ್ ಇಡೀ ಓಣಿಯ ಹುಡುಗರನ್ನು ನಮ್ಮ ಪಡಸಾಲೆಗೆ ಎಳೆದು ತಂದಿತ್ತು. ನಿನಗೆ ನೆನಪಿದೆಯಲ್ಲ — ಬೆರಳುದ್ದದ ಮನುಷ್ಯ ಓಡುತ್ತಾನೆ, ಹೊಂಡ ಹಾರುತ್ತಾನೆ, ಹಂತ ಮುಗಿಯುವಲ್ಲಿ ಒಂದು ಎತ್ತರದ ಕಂಬ, ತುದಿಯಲ್ಲಿ ಬಾವುಟ. ಹಾರಿ ಕಂಬ ಹಿಡಿದರೆ ಬಾವುಟ ಸರ್ರನೆ ಇಳಿಯುತ್ತದೆ, ಹಂತ ಗೆದ್ದ ಹಾಗೆ. ಆದರೆ ನಮ್ಮ ಓಣಿಯ ಕಾನೂನೇ ಬೇರೆ. ತುದಿ ಹಿಡಿದರೆ ಮಾತ್ರ ಗೆಲುವು. ಬುಡ ಹಿಡಿದವನನ್ನು ವಾರವಿಡೀ ಆಡಿಕೊಳ್ಳುತ್ತಿದ್ದೆವು. ಕೊನೆಯ ಹಂತದ ಕಂಬವನ್ನಂತೂ ಯಾರೂ ಕಣ್ಣಲ್ಲಿ ಕಂಡಿರಲಿಲ್ಲ.

ಇನ್ನೊಂದು ಕಾನೂನೂ ಇತ್ತು, ಅದನ್ನು ಮಾಡಿದವನು ನಾನೇ. ಒಬ್ಬರೇ ಆಡುವಾಗ ಎರಡನೇ ರಿಮೋಟು ಕೆಲಸ ಮಾಡುತ್ತಿರಲಿಲ್ಲ. ಆ ಸತ್ತ ರಿಮೋಟನ್ನು ಚಿಕ್ಕ ಮಕ್ಕಳ ಕೈಗೆ ಕೊಟ್ಟು, ನೀನೂ ಆಡು ಎಂದು ನಂಬಿಸುತ್ತಿದ್ದೆವು. ನಿನಗೂ ಅದನ್ನೇ ಕೊಟ್ಟೆ. ಹಳ್ಳಿಯಿಂದ ಬಂದವಳು, ಹುಡುಗಿ, ಇವಳಿಗೇನು ಗೊತ್ತಾಗುತ್ತದೆ ಎಂಬ ಅಹಂಕಾರ ನನಗೆ. ನೀನೋ, ಅದು ಸತ್ತದ್ದೆಂದು ಗೊತ್ತಾದ ಮೇಲೂ ನನ್ನ ಹಿಂದೆ ಕೂತು ಪ್ರತಿಯೊಂದು ಹೊಂಡಕ್ಕೂ ಸರಿಯಾಗಿ ಗುಂಡಿ ಒತ್ತಿ ಒತ್ತಿ ಕಲಿಯುತ್ತಿದ್ದೆ.

ಆಯುಧ ಪೂಜೆಗೆ ಅಪ್ಪ ಟ್ರ್ಯಾಕ್ಟರಿನ ಜೊತೆ ಆ ಗೇಮಿಗೂ ಪೂಜೆ ಮಾಡಿಸಿದರು. ವೈರುಗಳನ್ನೆಲ್ಲ ಬಿಚ್ಚಿ ಒರೆಸಿ, ಎರಡೂ ರಿಮೋಟಿಗೆ ವಿಭೂತಿ ಎಳೆದು, ಚೆಂಡುಹೂ ಏರಿಸಿದ್ದಾಯಿತು. ಮರುದಿನ ಬೆಳಿಗ್ಗೆ ವೈರು ಸಿಕ್ಕಿಸಿದವನು ನಾನು, ಅವಸರದಲ್ಲಿ ಎರಡು ರಿಮೋಟಿನ ವೈರನ್ನೂ ಅದಲುಬದಲು ಮಾಡಿಬಿಟ್ಟೆ.

ಮೊದಲ ಹೊಂಡದ ಹತ್ತಿರ ನಾನು ಗುಂಡಿ ಒತ್ತಿದೆ, ಅವನು ಹಾರಲಿಲ್ಲ. ಸತ್ತ ಎಂದುಕೊಳ್ಳುವಷ್ಟರಲ್ಲಿ ತಾನಾಗಿ ಹಾರಿ ಆಚೆ ದಡದಲ್ಲಿ ನಿಂತ. ನನಗೆ ಆಗಲೇ ಅರ್ಥವಾಯಿತು. ಎದ್ದು ವೈರು ಬದಲಿಸಬಹುದಿತ್ತು — ಅಷ್ಟು ಹುಡುಗರ ಮುಂದೆ ಸತ್ತ ರಿಮೋಟು ನನ್ನ ಕೈಯಲ್ಲಿದೆ ಎಂದು ಹೇಗೆ ಹೇಳಲಿ? ಸುಮ್ಮನೆ ಬೆರಳು ಕುಣಿಸುತ್ತಾ ಕೂತೆ.

ಆಮೇಲೆ ನೀನು ಆಡಿದ ಆಟ! ಶಾರದಾ, ಅದನ್ನು ಕಣ್ತುಂಬ ನೋಡಿದವನು ನಾನೊಬ್ಬನೇ; ಉಳಿದವರೆಲ್ಲ ನನ್ನ ಆಟ ನೋಡುತ್ತಿದ್ದರು. ನಾನು ಹೆದರಿ ನಿಲ್ಲುತ್ತಿದ್ದ ಜಾಗದಲ್ಲೆಲ್ಲ ನೀನು ಓಡಿದೆ. ಬೆಂಕಿಯ ಸೇತುವೆಯ ಮೇಲೆ ಒಮ್ಮೆಯೂ ತಡೆಯಲಿಲ್ಲ. ಒಂದಾದ ಮೇಲೊಂದು ಕಂಬ, ಪ್ರತಿ ಸಲವೂ ತುದಿ, ಪ್ರತಿ ಸಲವೂ! ಪಡಸಾಲೆಯಲ್ಲಿ ಉಸಿರಾಡುವವರಿಲ್ಲ. ಕೊನೆಯ ಹಂತದ ಕಂಬ ಕಂಡಾಗ ನೀನು ನಾಲ್ಕು ಹೆಜ್ಜೆ ಹಿಂದಕ್ಕೆ ಹೋದೆ, ಓಡಿ ಬಂದೆ, ಹಾರಿದೆ — ಬಾವುಟದ ನೆತ್ತಿಯನ್ನೇ ಹಿಡಿದೆ. ಟಿವಿಯ ತುಂಬ ಪಟಾಕಿ. ಆ ಕ್ಷಣದ ಸಂತೋಷ ಇವತ್ತಿಗೂ ನನ್ನ ಎದೆಯಲ್ಲಿದೆ, ಸುಳ್ಳು ಹೇಳಲಾರೆ. ಹುಡುಗರು ನನ್ನನ್ನು ಎತ್ತಿಕೊಂಡು ಓಣಿ ತುಂಬ ಮೆರೆಸಿದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಒಳಗೆ ಬಂದಾಗ ನೀನು ಅಪ್ಪನ ಮುಂದೆ ನಿಂತು, ಆಡಿದ್ದು ನಾನು ಎಂದು ಹೇಳುತ್ತಿದ್ದೆ. ಅಪ್ಪ ನನ್ನ ಕಡೆ ತಿರುಗಿ, "ಹೌದೇನೋ?" ಎಂದರು.

"ಸುಳ್ಳು ಹೇಳ್ತಾಳೆ," ಎಂದೆ.

ಹಾಗಾದರೆ ಆಡಿ ತೋರಿಸಲಿ ಎಂದರು ಅಪ್ಪ. ನಾನು ಮಾಡಿದ ನಿಜವಾದ ಪಾಪ ಆಗಿನದು. ಸೆಟ್ಟು ಕಾದಿದೆ, ಸ್ವಲ್ಪ ಆರಲಿ ಎಂದು ನೆಪ ಹೇಳಿ ವೈರು ಕಿತ್ತೆ, ಮತ್ತೆ ಸಿಕ್ಕಿಸುವಾಗ ಸರಿಯಾಗಿ ಸಿಕ್ಕಿಸಿದೆ. ಯಾರಿಗೂ ಅನುಮಾನ ಬರಲಿಲ್ಲ. ನೀನು ಬೆಳಿಗ್ಗೆ ಹಿಡಿದಿದ್ದ ರಿಮೋಟನ್ನೇ ಹಿಡಿದು ಒತ್ತಿದೆ. ಅವನು ಅಲುಗಲಿಲ್ಲ. ಮತ್ತೆ ಒತ್ತಿದೆ, ಎರಡೂ ಹೆಬ್ಬೆರಳು ಬಿಳುಚುವ ಹಾಗೆ ಒತ್ತಿದೆ. ಎದುರಿನಿಂದ ಹುಳವೊಂದು ತೆವಳುತ್ತಾ ಬಂದು ಅವನನ್ನು ಕೆಡವಿತು. ಮನೆಯೆಲ್ಲ ನಕ್ಕಿತು, ಅಪ್ಪನೂ ನಕ್ಕರು.

ಸಂಜೆ ಬನ್ನಿ ಹಂಚುವಾಗ ನೀನು ನನ್ನ ಹತ್ತಿರವೂ ಬಂದೆ. ಬಯ್ಯುತ್ತೀಯ ಎಂದುಕೊಂಡಿದ್ದೆ. ಎಲೆ ನನ್ನ ಕೈಗಿಟ್ಟು, "ನಾನೇ ಆಡ್ತಾ ಇದೀನಿ ಅನ್ಕಂಡಿದ್ದೆ ಮಾರಾಯ. ಎಂತಾ ಪೆದ್ದಿ ನಾನು," ಎಂದೆ. ಸಿಟ್ಟೇ ಇರಲಿಲ್ಲ ನಿನಗೆ. ನೀನು ನನ್ನ ಸುಳ್ಳನ್ನು ನಂಬಿಬಿಟ್ಟಿದ್ದೆ.

ಮಕ್ಕಳಾಟ, ಮರೆತಿರುತ್ತಾಳೆ ಎಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡೆ. ಮೊನ್ನೆ ನಿಮ್ಮ ಮನೆಗೆ ಬಂದಾಗ ನಿನ್ನ ಮಗಳು ನಿನಗೆ ಸ್ಕೂಟಿ ಕಲಿಸುತ್ತೇನೆಂದು ಹಟ ಹಿಡಿದಿದ್ದಳು. ಬೇಡ ಎಂದೆ ನೀನು. ಕಾರಣ ಕೇಳಿದ್ದಕ್ಕೆ ಈ ಕಥೆಯನ್ನೇ ಹೇಳಿದೆ — ಸತ್ತ ರಿಮೋಟು ಹಿಡಿದು ಗೆದ್ದೆನೆಂದು ಜಗಳವಾಡಿದವಳು ನಾನು, ನನ್ನ ಕೈಯನ್ನು ನಂಬಬೇಡ ಎಂದು. ಮಗಳು ಬಿದ್ದು ಬಿದ್ದು ನಕ್ಕಳು. ಶಾರದಾ, ನಾನೂ ನಕ್ಕೆ. ಅವತ್ತು ಬಸ್ಸಿನಲ್ಲಿ ಸೊರಬ ದಾಟುವವರೆಗೂ ತಲೆ ಎತ್ತಲಾಗಲಿಲ್ಲ.

ನಿನ್ನೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಬಯ್ಯಲಿಲ್ಲ. ಪ್ರತಿ ಕಂಬಕ್ಕೂ ತುದಿಯನ್ನೇ ಹಿಡಿದಳಾ ಎಂದು ಎರಡೆರಡು ಸಲ ಕೇಳಿದರು. ನಾನು ಎದ್ದು ನಿಂತು ನಿನ್ನ ಆಟವನ್ನೆಲ್ಲ ಅಭಿನಯಿಸಿ ತೋರಿಸಿದೆ — ಸೇತುವೆ, ನಾಲ್ಕು ಹೆಜ್ಜೆ ಹಿಂದಕ್ಕೆ ಹೋದದ್ದು, ಆ ಜಿಗಿತ. ಅಪ್ಪನ ಮುಖ ಅರಳಿತು. ಆಮೇಲೆ, "ಅವತ್ತು ನಾನೂ ನಕ್ಕಿದ್ದೆನಲ್ಲೋ. ನಡಿ, ನಾನೂ ಬರ್ತೀನಿ," ಎಂದರು.

ಭಾನುವಾರ ಮೊದಲ ಬಸ್ಸಿಗೆ ಇಬ್ಬರೂ ಬರುತ್ತಿದ್ದೇವೆ. ನಿನ್ನ ಮಗಳು ಮನೆಯಲ್ಲೇ ಇರಲಿ. ಅವಳ ಅಮ್ಮ ಹೇಗೆ ಗೆದ್ದಳು ಎಂದು ಮೊದಲು ಅವಳಿಗೆ ಹೇಳಬೇಕು.